ಐವತ್ತರ ಮೇಲೆ ಇಂಡೋರ್ ಫುಟ್‌ಬಾಲ್: ಮೊದಲು ಶೂ, ಆಮೇಲೆ ಮೀನಖಂಡ

ಅಣ್ಣಾ, ನೀವು ಕೇಳಿದ್ದು ಎರಡು. ವಯಸ್ಸು 52, ಅಕ್ಟೋಬರಿನಿಂದ ಕೆನಡಾದಲ್ಲಿ ಆಫೀಸಿನವರ ಜತೆ ಇಂಡೋರ್ ಲೀಗ್; ಅಡಿಯಲ್ಲಿ ಉದ್ದ ಮೊಳೆ ಇರುವ ಹಳೆಯ ಸ್ಟಡ್ ಶೂ ನಡೆಯುತ್ತಾ? ಗೋಣಿಕೊಪ್ಪದಲ್ಲಿರುವ ಈ ಎರಡು ತಿಂಗಳಲ್ಲಿ ಏನು ತಯಾರಿ ಮಾಡಬಹುದು?

ಸ್ಟಡ್ ಬೇಡವೇ ಬೇಡ. ಅಲ್ಲಿನ ನೆಲ ಯಾವುದು ಅಂತ ಮೊದಲು ವಿಚಾರಿಸಿ. ಮರದ ನೆಲವಾದರೆ ಅಡಿ ಚಪ್ಪಟೆ ಇರುವ, ಗುರುತು ಬೀಳಿಸದ ರಬ್ಬರ್ ಶೂ. ಡಬ್ಬಿ ಮೇಲೆ ಐಸಿ ಅಥವಾ ಐಎನ್ ಅಂತ ಇರುತ್ತದೆ. ಕೃತಕ ಹುಲ್ಲಾದರೆ ಅಡಿಯಲ್ಲಿ ಸಣ್ಣ ಸಣ್ಣ ರಬ್ಬರ್ ಮೊಳೆ ತುಂಬಿರುವ, ಟಿಎಫ್ ಅಂತ ಬರೆದಿರುವ ಶೂ. ಉದ್ದ ಸ್ಟಡ್ ಹುಲ್ಲಿಗೆ ಕಚ್ಚಿಕೊಂಡರೆ ಪಾದ ಅಲ್ಲೇ ನಿಲ್ಲುತ್ತದೆ, ಮೈ ಮಾತ್ರ ತಿರುಗುತ್ತದೆ. ಮಂಡಿಯ ಲಿಗಮೆಂಟ್ ಹರಿಯುವುದು ಹೀಗೇ. ರನ್ನಿಂಗ್ ಶೂ ಕೂಡ ಸರಿಯಲ್ಲ, ಹಿಮ್ಮಡಿ ಎತ್ತರ, ಅಡ್ಡ ತಿರುಗಿದಾಗ ಪಾದ ಹೊರಳುತ್ತದೆ. ಅಟ್ಟದಲ್ಲಿ ನಾಲ್ಕು ಮಳೆಗಾಲ ಕಂಡ ಶೂ ಅಂತೂ ಯಾವ ನೆಲಕ್ಕೂ ಬೇಡ, ತೇವಕ್ಕೆ ಅಂಟು ಬಿಟ್ಟು ಆಟದ ಮಧ್ಯೆ ಅಡಿಯೇ ಕಿತ್ತು ಬರುತ್ತದೆ.

ಈ ವಯಸ್ಸಿನಲ್ಲಿ ದಮ್ಮಿಗಿಂತ ಮೊದಲು ಕೈಕೊಡುವುದು ಮೀನಖಂಡ ಮತ್ತು ಅದನ್ನು ಹಿಮ್ಮಡಿಗೆ ಕಟ್ಟುವ ದಪ್ಪ ಹುರಿ, ಡಾಕ್ಟರು ಅಕಿಲಿಸ್ ಅನ್ನುತ್ತಾರಲ್ಲ, ಅದು. ಇಂಡೋರಲ್ಲಿ ನೇರ ಓಟ ಕಡಿಮೆ, ನಿಂತು ಚಿಮ್ಮುವುದೇ ಜಾಸ್ತಿ. ತೋಟದ ಏರು ಹತ್ತಿದರೆ ದಮ್ಮು ಬರುತ್ತದೆ ನಿಜ, ಆದರೆ ಗಕ್ಕನೆ ನಿಲ್ಲುವ ಅಭ್ಯಾಸ ಅದರಿಂದ ಬರುವುದಿಲ್ಲ. ಇವತ್ತಿನಿಂದಲೇ ಮೆಟ್ಟಿಲ ಅಂಚಿನಲ್ಲಿ ಪಾದದ ಮುಂಭಾಗ ಮಾತ್ರ ಊರಿ, ಎರಡೂ ಕಾಲಲ್ಲಿ ಮೇಲೇಳಿ, ಒಂದೇ ಕಾಲಲ್ಲಿ ಮೂರು ಎಣಿಸುತ್ತಾ ಹಿಮ್ಮಡಿಯನ್ನು ಅಂಚಿಗಿಂತ ಕೆಳಗೆ ಇಳಿಸಿ. ಒಂದೊಂದು ಕಾಲಿಗೆ 15ರಂತೆ ಮೂರು ಸಲ, ಮಂಡಿ ನೆಟ್ಟಗಿಟ್ಟು. ಮತ್ತೆ ಅಷ್ಟೇ, ಮಂಡಿ ಸ್ವಲ್ಪ ಬಗ್ಗಿಸಿ. ಬಗ್ಗಿಸದಿದ್ದರೆ ಒಳಪದರದ ಸ್ನಾಯುವಿಗೆ ಕೆಲಸ ಸಾಲುವುದಿಲ್ಲ. ಮೊದಲ ವಾರ ಅರ್ಧ ಮಾಡಿದರೆ ಸಾಕು. ಸುಲಭವಾದ ಮೇಲೆ ಬೆನ್ನಿನ ಚೀಲದಲ್ಲಿ ಐದು ಕೆಜಿ ಅಕ್ಕಿ ಹಾಕಿಕೊಳ್ಳಿ. ಮನೆಯೊಳಗಿನ ಮೆಟ್ಟಿಲೇ ಆಗಲಿ, ಅಂಗಳದ್ದು ಈಗ ಪಾಚಿ. ನಾಲ್ಕನೇ ವಾರದಿಂದ ಯಾವುದಾದರೂ ಟರ್ಫಲ್ಲಿ 10 ಮೀಟರ್ ಓಡಿ, ನಿಂತು, ತಿರುಗಿ ವಾಪಸ್. ಎಂಟು ಸಲ, ವಾರಕ್ಕೆರಡು ದಿನ.

ಆಟದಲ್ಲಿ ಹಿಂದಿನಿಂದ ಯಾರೋ ಹಿಮ್ಮಡಿಗೆ ಒದ್ದ ಹಾಗಾಗಿ, ತಿರುಗಿ ನೋಡಿದರೆ ಯಾರೂ ಇಲ್ಲ ಅಂದರೆ ಅಕಿಲಿಸ್ ಹರಿದಿರಬಹುದು. ಬೋರಲು ಮಲಗಿ ಮೀನಖಂಡ ಹಿಂಡಿಸಿ. ಪಾದ ಅಲುಗದಿದ್ದರೆ ಅವತ್ತೇ ಆಸ್ಪತ್ರೆ. ಅಲುಗಿದರೂ ಕಾಲು ಊರಲಾಗದಿದ್ದರೆ ತೋರಿಸಲೇಬೇಕು. ಎಣ್ಣೆ ಹಚ್ಚಿ ತಿಕ್ಕಿಸಬೇಡಿ. ಸಿಪ್ರೊಫ್ಲಾಕ್ಸಾಸಿನ್, ಲಿವೊಫ್ಲಾಕ್ಸಾಸಿನ್ ಎಂಬ ಆಂಟಿಬಯಾಟಿಕ್ ಮಾತ್ರೆ ಈಚೆಗೆ ತೆಗೆದುಕೊಂಡಿದ್ದರೆ ಡಾಕ್ಟರಿಗೆ ಹೇಳಿಯೇ ಮೈದಾನಕ್ಕಿಳಿಯಿರಿ, ಅವು ಈ ಹುರಿಯನ್ನು ದುರ್ಬಲ ಮಾಡಬಲ್ಲವು. ಬಿಪಿ, ಶುಗರ್, ಹೃದಯದ ತಪಾಸಣೆ ಇಲ್ಲೇ ಮುಗಿಸಿಕೊಳ್ಳಿ. ಎದೆ ಬಿಗಿದರೆ ಗ್ಯಾಸ್ ಅಂದುಕೊಂಡು ಆಟ ಮುಂದುವರಿಸಬೇಡಿ.

ಆಟಗಾರರ ಚೇಂಜಿಗೆ ಇಂಥ ಲೀಗುಗಳಲ್ಲಿ ಸಾಮಾನ್ಯವಾಗಿ ಲೆಕ್ಕ ಇರುವುದಿಲ್ಲ, ಎಷ್ಟು ಸಲವಾದರೂ ಒಳಗೆ ಹೊರಗೆ ಹೋಗಬಹುದು. ಎರಡು ಮೂರು ನಿಮಿಷ ಆಡಿ, ಏದುಸಿರು ಬರುವ ಮೊದಲೇ ಹೊರಗೆ ಬನ್ನಿ. ಸುತ್ತ ಗೋಡೆ ಇರುವ ಕಡೆ ಚೆಂಡು ಹೊರಗೆ ಹೋಗುವುದೇ ಕಡಿಮೆ, ಹಾಗಾಗಿ ಉಸಿರು ತೆಗೆಯಲು ಬಿಡುವು ಸಿಗುವುದು ಅಪರೂಪ. ಗೋಡೆಗೆ ನೇರ ನುಗ್ಗದೆ ಓರೆಯಾಗಿ ಹೋಗಿ, ಒಂದು ಕೈ ಮುಂದಿರಲಿ. ಜಾರಿ ಚೆಂಡು ಕಸಿಯುವುದು ಇಂಥ ಲೀಗುಗಳಲ್ಲಿ ಸಾಮಾನ್ಯವಾಗಿ ಫೌಲ್. ಫುಟ್ಸಾಲ್ (ಐದೈದು ಜನರ ಇಂಡೋರ್ ಫುಟ್‌ಬಾಲ್) ಚೆಂಡಾದರೆ 4ನೇ ಸೈಜು, ಪುಟಿತ ಕಡಿಮೆ, ಅಂಗಾಲಲ್ಲಿ ಒತ್ತಿ ನಿಲ್ಲಿಸಬೇಕು. ಹಿಂದೆ ನಿಂತು ಪಾಸ್ ಕೊಟ್ಟು ಜಾಗ ಬದಲಿಸಿ. ಹಾಕಿ ಆಡಿದ ಕೊಡಗಿನವರಿಗೆ ಇದನ್ನು ಹೇಳಿಕೊಡಬೇಕಿಲ್ಲ.

ಚಳಿಯಲ್ಲಿ ಕಾರಿಂದ ಇಳಿದು ನೇರ ಆಟಕ್ಕೆ ಇಳಿಯಬೇಡಿ, ಬೆವರು ಒಡೆಯುವ ತನಕ ಹದಿನೈದು ಇಪ್ಪತ್ತು ನಿಮಿಷ ಮೈ ಬಿಸಿ ಮಾಡಿಕೊಳ್ಳಿ. ಕನ್ನಡಕ ಇದ್ದರೆ ಪಾಲಿಕಾರ್ಬೊನೇಟಿನ, ಹಿಂದೆ ಪಟ್ಟಿ ಇರುವ ಕ್ರೀಡಾ ಕನ್ನಡಕ ಬೇಕು. ಪವರ್ ಕೂರಿಸಿ ಕೊಡಲು ಕೆಲವು ದಿನ ಹಿಡಿಯುತ್ತದೆ, ಹೊರಡುವ ವಾರದ ತನಕ ಕಾಯದೆ ಈಗಲೇ ಆರ್ಡರ್ ಕೊಡಿ.