ಓದುಗರ ಪ್ರಶ್ನೆ: ವೀರಗಲ್ಲನ್ನು ಮೈದಾನಕ್ಕೆ ತರಬಹುದೇ?

ನವರಾತ್ರಿಯಿಂದ ರಾಜ್ಯೋತ್ಸವದವರೆಗೆ ಊರೂರಿನ ಇತಿಹಾಸ ಬಳಗಗಳಿಗೆ ಬಿಡುವಿರುವುದಿಲ್ಲ. ಊರಹಬ್ಬದಲ್ಲಿ ಒಂದು ಮಳಿಗೆ ಹಾಕಬೇಕು, ಹಳೆಯ ವಸ್ತುಗಳನ್ನು ತೋರಿಸಬೇಕು, ಮಕ್ಕಳನ್ನು ಕರೆದುಕೊಂಡು ಊರು ಸುತ್ತಬೇಕು. ಈ ಸಲ ಬಂದ ಪ್ರಶ್ನೆಗಳೆಲ್ಲ ಈ ತಯಾರಿಯವೇ.

ಪ್ರಶ್ನೆ: ನಮ್ಮೂರ ಕೆರೆ ಏರಿಯ ಪಕ್ಕದಲ್ಲಿ ಎರಡು ವೀರಗಲ್ಲುಗಳಿವೆ. ಹಬ್ಬದ ದಿನ ಅವನ್ನು ಕಾಲೇಜು ಮೈದಾನಕ್ಕೆ ತಂದು ನಿಲ್ಲಿಸುವ ಆಸೆ. ಜೆಸಿಬಿ ಕೊಡಲು ಒಬ್ಬರು ಒಪ್ಪಿದ್ದಾರೆ. ತರಬಹುದೇ?

ಬೇಡ. ಮೊದಲು ತೂಕದ ಲೆಕ್ಕ ನೋಡಿ. ಆರಡಿ ಎತ್ತರ, ಮೂರಡಿ ಅಗಲ, ಎಂಟು ಇಂಚು ದಪ್ಪದ ಕಣಶಿಲೆಯ (ಗ್ರಾನೈಟ್) ಕಲ್ಲು ಸುಮಾರು 900 ಕಿಲೊ ತೂಗುತ್ತದೆ. ನೆಲದೊಳಗೆ ಹೂತಿರುವ ಭಾಗ ಈ ಲೆಕ್ಕಕ್ಕೆ ಸೇರಿಲ್ಲ. ಜೆಸಿಬಿಯ ಬಕೆಟ್ಟಿನ ಹಲ್ಲು ತಾಗಿದರೆ ಅಂಚಿನ ಚಕ್ಕೆ ಎದ್ದು ಹೋಗುತ್ತದೆ. ಸರಪಳಿ ಕಟ್ಟಿ ಎತ್ತಿದರೆ ಇಡೀ ಭಾರ ಒಂದೇ ಗೆರೆಯ ಮೇಲೆ ಬಿದ್ದು, ಒಳಗೆ ಮೊದಲೇ ಇದ್ದ ಕೂದಲೆಳೆಯ ಸೀಳು ಬಾಯಿ ಬಿಡುತ್ತದೆ. ಕಾನೂನಿನ ಮಾತೂ ಇದೆ. ಕಲ್ಲು ಸಂರಕ್ಷಿತ ಸ್ಮಾರಕದ ಆವರಣದಲ್ಲಿದ್ದರೆ ಪುರಾತತ್ವ ಇಲಾಖೆಯ ಅನುಮತಿಯಿಲ್ಲದೆ ಮುಟ್ಟುವಂತಿಲ್ಲ. ಆವರಣದ ಹೊರಗಿದ್ದರೂ ನೂರು ವರ್ಷ ದಾಟಿದ ಶಿಲ್ಪ 1972ರ ಪುರಾವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ.

ಇದಕ್ಕಿಂತ ದೊಡ್ಡ ಕಾರಣ ಕಲ್ಲು ನಿಂತಿರುವ ಜಾಗ. ಕೆರೆ ಏರಿಯ ಮೇಲೆ ನಿಂತ ವೀರಗಲ್ಲು ಆ ಕೆರೆಯ ಬಗ್ಗೆಯೂ ಏನಾದರೂ ಹೇಳುತ್ತಿರಬಹುದು. ಮೈದಾನದಲ್ಲಿ ಅದು ಬರೀ ಕಲ್ಲು.

ಮೈದಾನದಲ್ಲಿ ಕಲ್ಲಿನಷ್ಟೇ ದೊಡ್ಡ ಚಿತ್ರ ನಿಲ್ಲಿಸಿ. ಅದಕ್ಕೆ ಫೋಟೊವನ್ನು ಹಗಲಿನಲ್ಲಿ ತೆಗೆಯಬೇಡಿ. ನೆತ್ತಿಯ ಬಿಸಿಲಿನಲ್ಲಿ ಉಬ್ಬುಶಿಲ್ಪ ಚಪ್ಪಟೆಯಾಗಿ ಕಾಣುತ್ತದೆ. ಕತ್ತಲಾದ ಮೇಲೆ ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ಕಲ್ಲಿಗೆ ನೇರವಾಗಿ ನಿಲ್ಲಿಸಿ, ಒಬ್ಬರು ಎಡಗಡೆಯಿಂದ ಕಲ್ಲಿನ ಮೈಗೆ ಸವರಿಕೊಂಡು ಹೋಗುವಂತೆ ಟಾರ್ಚ್ ಹಿಡಿಯಲಿ. ಬಲಗಡೆಯಿಂದ, ಮೇಲಿನಿಂದ ಬೆಳಕು ಬಿಟ್ಟು ಇನ್ನೆರಡು ಫೋಟೊ ತೆಗೆಯಿರಿ. ಕಲ್ಲಿನ ಪಕ್ಕದಲ್ಲಿ ಒಂದು ಅಳತೆಕೋಲು ಇರಲಿ. ಚಿತ್ರದಡಿಯಲ್ಲಿ ಅಂತಸ್ತುಗಳನ್ನು ಕೆಳಗಿನಿಂದ ಮೇಲಕ್ಕೆ ಓದಬೇಕೆಂದು ಬರೆಯಿರಿ: ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಸಾಮಾನ್ಯವಾಗಿ ಲಿಂಗದ ಮುಂದೆ ಕುಳಿತ ವೀರ. ನೋಡುವವರಲ್ಲಿ ಬಹಳ ಮಂದಿ ಮೇಲಿನಿಂದ ಶುರುಮಾಡಿ ಕಥೆಯನ್ನು ತಲೆಕೆಳಗು ಮಾಡಿಕೊಳ್ಳುತ್ತಾರೆ.

ಪ್ರತಿಕೃತಿ ಇಡುವುದರಲ್ಲಿ ಹಿಂಜರಿಕೆ ಬೇಡ. ಹಲ್ಮಿಡಿಯಲ್ಲೂ ಜನ ನೋಡುವುದು ಪ್ರತಿಕೃತಿಯನ್ನೇ, ಮೂಲ ಶಾಸನ ಇರುವುದು ಮೈಸೂರಿನಲ್ಲಿ.

ಪ್ರಶ್ನೆ: ದೇವಸ್ಥಾನದ ಅಂಗಳದ ಶಾಸನದ ಅಕ್ಷರಗಳು ಕಾಣಲೆಂದು ಪ್ರತಿವರ್ಷ ಸೀಮೆಸುಣ್ಣ ತುಂಬುತ್ತೇವೆ. ಈ ಸಲ ಪಡಿಯಚ್ಚು (ಕಲ್ಲಿನ ಮೇಲೆ ಒದ್ದೆ ಕಾಗದ ಒತ್ತಿ, ಮಸಿ ಹಚ್ಚಿ ತೆಗೆಯುವ ಪ್ರತಿ) ತೆಗೆದು ಪ್ರದರ್ಶಿಸೋಣ ಎಂದಿದ್ದೇವೆ. ಹೇಗೆ?

ಸೀಮೆಸುಣ್ಣ, ರಂಗೋಲಿ ಪುಡಿ, ಗೋಧಿಹಿಟ್ಟು, ಎಣ್ಣೆ, ಯಾವುದನ್ನೂ ಇನ್ನು ಹಚ್ಚಬೇಡಿ. ಪುಡಿ ಸಣ್ಣ ರಂಧ್ರಗಳಲ್ಲಿ ಕೂತರೆ ಮಳೆಗೂ ಹೋಗುವುದಿಲ್ಲ. ಹಿಟ್ಟಿಗೆ ಇರುವೆ ಮತ್ತು ಬೂಸ್ಟು, ಎಣ್ಣೆಗೆ ಧೂಳು. ಇನ್ನೊಂದು ಅಪಾಯವೂ ಇದೆ. ತುಂಬುವವರು ತಮಗೆ ಕಂಡ ಅಕ್ಷರವನ್ನು ತುಂಬುತ್ತಾರೆ. ಸವೆದ 'ವ' ಅವರ ಕೈಯಲ್ಲಿ 'ಮ' ಆಗುತ್ತದೆ, ಮುಂದಿನವರು ಅದನ್ನೇ ಓದುತ್ತಾರೆ.

ಪಡಿಯಚ್ಚು ತೆಗೆಯಲು ಮೊದಲು ಅನುಮತಿ ಬೇಕು. ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೆ, ಕೇಂದ್ರ ಸಂರಕ್ಷಿತ ಸ್ಮಾರಕವಾದರೆ ಭಾರತೀಯ ಪುರಾತತ್ವ ಸರ್ವೇಕ್ಷಣೆಗೆ ಬರೆಯಬೇಕು. ಹಬ್ಬಕ್ಕೆ ವಾರವಿರುವಾಗ ಬರೆದರೆ ಉಪಯೋಗವಿಲ್ಲ, ಶ್ರಾವಣದಲ್ಲೇ ಬರೆಯಿರಿ. ದೇವಸ್ಥಾನದ ಆಡಳಿತ ಸಮಿತಿಯ ಒಪ್ಪಿಗೆ ಬೇರೆ.

ಕೆಲಸವನ್ನು ಗಾಳಿ ಏಳುವ ಮೊದಲು, ಬೆಳಗಿನ ಹೊತ್ತು ಮಾಡಿ. ಕಲ್ಲನ್ನು ಬರೀ ನೀರು ಮತ್ತು ಮೆತ್ತನೆಯ ನೈಲಾನ್ ಬ್ರಷ್ಷಿನಿಂದ ತೊಳೆಯಿರಿ. ತಂತಿ ಬ್ರಷ್, ಆಸಿಡ್, ಸೋಪಿನ ಪುಡಿ ಹತ್ತಿರ ತರಬೇಡಿ. ಅಂಟು ಹಾಕದ, ನೀರು ಹೀರುವ ಕೈಕಾಗದ ತೆಗೆದುಕೊಳ್ಳಿ. ಬರಹಕ್ಕಿಂತ ಸುತ್ತಲೂ ಎರಡಿಂಚು ಹೆಚ್ಚಿರಲಿ, ಒಂದು ಹಾಳೆ ಸಾಲದಿದ್ದರೆ ಇನ್ನೊಂದು ಅದರ ಮೇಲೆ ಒಂದಿಂಚು ಹಾಯಲಿ. ಹಾಳೆಯನ್ನು ನೆನೆಸಿ ಮೇಲಿನ ಅಂಚಿನಿಂದ ಇಳಿಬಿಟ್ಟು, ನಡುವಿನಿಂದ ಹೊರಕ್ಕೆ ಒರೆಸಿ ಗಾಳಿ ತೆಗೆಯಿರಿ. ಆಮೇಲೆ ಒತ್ತುಗೂದಲಿನ ಬ್ರಷ್ಷಿನಿಂದ ನೇರವಾಗಿ ತಟ್ಟುತ್ತ ಹೋದರೆ ಕಾಗದ ಅಕ್ಷರದ ಕುಳಿಗೆ ಇಳಿಯುತ್ತದೆ. ಅಡ್ಡಡ್ಡ ಎಳೆದರೆ ಕಾಗದ ಅಕ್ಷರದ ಅಂಚಿನಲ್ಲಿ ಹರಿಯುತ್ತದೆ.

ಮಸಿ ಹಚ್ಚುವ ಹೊತ್ತಿನಲ್ಲೇ ಹೆಚ್ಚಿನವರು ಎಡವುವುದು. ಕಾಗದ ಒದ್ದೆ ಹೊಳಪು ಕಳೆದುಕೊಂಡು ಬಿಳಿಚಿಕೊಳ್ಳಬೇಕು, ಆದರೆ ಮುಟ್ಟಿದರೆ ತಣ್ಣಗಿರಬೇಕು. ಅದಕ್ಕೆ ಮುಂಚೆ ಹಚ್ಚಿದರೆ ಮಸಿ ಹರಡಿ ಅಕ್ಷರ ಮುಚ್ಚುತ್ತದೆ. ತಡವಾದರೆ ಕಾಗದ ಕಲ್ಲಿನಿಂದ ಎದ್ದುಬಿಡುತ್ತದೆ. ಕಾಡಿಗೆಯನ್ನು ಗೋಂದಿನ ನೀರಿನಲ್ಲಿ ಕಲಸಿದ ಮಸಿ ಗಟ್ಟಿಯಾಗಿರಲಿ. ಹತ್ತಿಯ ಮೇಲೆ ಬಟ್ಟೆ ಕಟ್ಟಿದ ಗಂಟಿಗೆ ಅದನ್ನು ಸವರಿ, ಮೊದಲು ರದ್ದಿ ಕಾಗದದ ಮೇಲೆ ಒತ್ತಿ, ಉಳಿದದ್ದನ್ನು ಹಾಳೆಗೆ ತೆಳುವಾಗಿ ಎರಡು ಮೂರು ಸಲ ಒತ್ತಬೇಕು. ಕುಳಿಯಲ್ಲಿಳಿದ ಅಕ್ಷರ ಬಿಳಿಯಾಗಿ ಉಳಿದು ಸುತ್ತ ಕಪ್ಪಾಗುತ್ತದೆ. ತೆಳ್ಳಗಿನ ಮಸಿ ಕಾಗದ ದಾಟಿ ಕಲ್ಲಿಗೆ ಹತ್ತಿದರೆ ಆ ಕಲೆ ಹೋಗುವಂಥದ್ದಲ್ಲ. ಹಾಗಾಗಿ ಮೊದಲ ಹತ್ತು ಹಾಳೆಗಳನ್ನು ಬೇರೆ ಕಲ್ಲಿನ ಮೇಲೆ ಕಲಿಯಿರಿ. ಶಂಕುಸ್ಥಾಪನೆಯಾಗಿ ಕಟ್ಟಡವೇ ಏಳದ ಫಲಕ ಪ್ರತಿ ಊರಿನಲ್ಲೂ ಒಂದಾದರೂ ಇರುತ್ತದೆ, ಅಭ್ಯಾಸಕ್ಕೆ ಅದು ಹೇಳಿ ಮಾಡಿಸಿದ್ದು!

ಕಲ್ಲು ಪದರು ಬಿಡುತ್ತಿದ್ದರೆ ಪಡಿಯಚ್ಚಿನ ಯೋಚನೆಯನ್ನೇ ಬಿಡಿ. ತಟ್ಟಿದಾಗ ಅಕ್ಷರವೇ ಕಾಗದದ ಜೊತೆ ಬರುತ್ತದೆ. ಅಲ್ಲಿ ಓರೆ ಬೆಳಕಿನ ಫೋಟೊ ಸಾಕು. ಬೆಂಗಳೂರಿನ ಶಾಸನಗಳನ್ನು ಮಿಥಿಕ್ ಸೊಸೈಟಿ ಎಂಬ ಸಂಶೋಧನಾ ಸಂಸ್ಥೆ ಮೂರು ಆಯಾಮದ ಸ್ಕ್ಯಾನ್ ಮಾಡಿಸುತ್ತಿರುವುದು ಕಲ್ಲಿಗೆ ಏನನ್ನೂ ಹಚ್ಚದ ದಾರಿ.

ಇಷ್ಟೆಲ್ಲ ಮಾಡುವ ಮೊದಲು ನಿಮ್ಮ ಶಾಸನ ಅಚ್ಚಾಗಿದೆಯೇ ನೋಡಿ. ಹಳೆಯ ಮೈಸೂರು ಸೀಮೆಯವರು ಬಿ.ಎಲ್. ರೈಸ್ ಆರಂಭಿಸಿದ ಎಪಿಗ್ರಾಫಿಯಾ ಕರ್ನಾಟಿಕ ಸಂಪುಟಗಳಲ್ಲಿ, ಕಿತ್ತೂರು ಕರ್ನಾಟಕದವರು (ಹಿಂದಿನ ಮುಂಬಯಿ ಕರ್ನಾಟಕ) ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಮಾಲೆಯ 11, 15, 18 ಮತ್ತು 20ನೆಯ ಸಂಪುಟಗಳಲ್ಲಿ ಹುಡುಕಬೇಕು. ರೈಸ್ ಕಾಲದ ತಾಲ್ಲೂಕು ಗಡಿಗಳೇ ಬೇರೆ. ನಿಮ್ಮ ಊರು ಪಕ್ಕದ ತಾಲ್ಲೂಕಿನ ಹೆಸರಿನಡಿ ಸಿಕ್ಕೀತು.

ಪ್ರಶ್ನೆ: ಶಾಸನದಲ್ಲಿ ಶಕವರ್ಷ ಎಂದು ಇದೆ. ಫಲಕದಲ್ಲಿ ಕ್ರಿಸ್ತಶಕ ಹೇಗೆ ಬರೆಯುವುದು?

78 ಕೂಡಿಸಿ. ಶಾಸನದ ತಿಥಿ ಪುಷ್ಯದ ಕೊನೆ, ಮಾಘ ಅಥವಾ ಫಾಲ್ಗುಣದಲ್ಲಿದ್ದರೆ 79, ಏಕೆಂದರೆ ಅಷ್ಟರಲ್ಲಿ ಜನವರಿ ಬಂದಿರುತ್ತದೆ. ಸಂವತ್ಸರದ ಹೆಸರಿದ್ದರೆ ತಾಳೆ ನೋಡಿ. ಬೇಲೂರಿನ ದೇವಾಲಯದ ಪ್ರತಿಷ್ಠೆ ಶಕ 1039, ಹೇಮಲಂಬಿ ಸಂವತ್ಸರದ ಚೈತ್ರದಲ್ಲಿ. 78 ಕೂಡಿಸಿದರೆ 1117. ಹೇಮಲಂಬಿ ಅಥವಾ ಹೇವಿಳಂಬಿ ನಮ್ಮ ಕಾಲದಲ್ಲಿ ಬಂದದ್ದು 2017ರ ಯುಗಾದಿಗೆ. ನಡುವೆ 900 ವರ್ಷ, ಅಂದರೆ ಅರವತ್ತರ ಹದಿನೈದು ಸುತ್ತು. ಲೆಕ್ಕ ಸರಿಹೋಯಿತು. ಒಂದು ವರ್ಷ ಆಚೀಚೆ ಬಂದರೆ ಬರೆದವರು ಕಳೆದ ವರ್ಷವನ್ನು ಎಣಿಸಿದ್ದಾರೋ ನಡೆಯುತ್ತಿದ್ದುದನ್ನೋ ಎಂದು ನೋಡಬೇಕು. ಅಂಥ ಕಡೆ ಸಂವತ್ಸರದ ಹೆಸರನ್ನೇ ನೆಚ್ಚುವುದು ವಾಸಿ.

ಪ್ರಶ್ನೆ: ಹಿಂದೆ ಶಾನುಭೋಗಿಕೆ ಇದ್ದ ಒಂದು ಮನೆಯವರು ತಾಳೆಗರಿಯ ಕಟ್ಟು ಮತ್ತು ಕಪ್ಪು ಬಟ್ಟೆಯ ಲೆಕ್ಕದ ಪುಸ್ತಕ ಕೊಡುತ್ತೇವೆ ಎಂದಿದ್ದಾರೆ. ಒರೆಸಿ ಎಣ್ಣೆ ಹಚ್ಚಿ ಇಡೋಣವೇ?

ಆ ಕಪ್ಪು ಬಟ್ಟೆಯದು ಕಡತ. ಈಗ ಕಚೇರಿಯ ಫೈಲಿಗೆ ಹೇಳುವ ಮಾತು ಮೊದಲು ಈ ವಸ್ತುವಿನದು. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದರು. ಅಳಿಸಿ ಮತ್ತೆ ಬರೆಯಬಹುದಾಗಿತ್ತು. ನಿಮಗೆ ತೊಂದರೆ ಅಲ್ಲೇ ಇದೆ. ಒದ್ದೆ ಬಟ್ಟೆ ಬೇಡ, ಒಣ ಬಟ್ಟೆಯಲ್ಲಿ ಒರೆಸಿದರೂ ಒಂದು ಶತಮಾನದ ಲೆಕ್ಕ ನಿಮ್ಮ ಬಟ್ಟೆಗೆ ಬರುತ್ತದೆ. ಎಣ್ಣೆ ಹಚ್ಚಿದರೆ ಅಕ್ಷರ ಮಾಯ. ಧೂಳನ್ನು ಬರಹವಿಲ್ಲದ ಅಂಚುಗಳಲ್ಲಿ ಮಾತ್ರ ಮೆತ್ತನೆಯ ಕುಂಚದಿಂದ ತೆಗೆಯಿರಿ. ಪೂರ್ತಿ ಬಿಚ್ಚಿ ಹಾಸಬೇಡಿ, ಮಡಿಕೆಯಲ್ಲಿ ಸರಿ ಬಿರಿದು ಉದುರುತ್ತದೆ. ಎರಡು ಮಡಿಕೆ ತೆರೆದು, ಮಡಿಕೆಯಡಿಗೆ ಸುತ್ತಿದ ಹತ್ತಿಬಟ್ಟೆಯ ಆಧಾರ ಕೊಟ್ಟು, ಗಾಜಿನ ಪೆಟ್ಟಿಗೆಯಲ್ಲಿಡಿ. ಗಾಜು ಬರಹಕ್ಕೆ ತಾಗಬಾರದು. ಹುಣಸೆಬೀಜದ ಸರಿ ಹುಳಕ್ಕೂ ಪ್ರಿಯ, ಆದ್ದರಿಂದ ವಾಪಸು ಕೊಡುವ ಮುನ್ನ ಮಡಿಕೆಗಳ ಸಂದಿಯಲ್ಲಿ ಬೆಳ್ಳಿಹುಳ ಇದೆಯೇ ನೋಡಿ.

ತಾಳೆಗರಿಯ ಮಾತು ಬೇರೆ. ಕಂಟದಿಂದ (ಗರಿಯ ಮೇಲೆ ಕೊರೆಯುವ ಮೊನೆಯ ಲೇಖನಿ) ಕೊರೆದು ಮಸಿ ತುಂಬಿದ್ದಾದರೆ ಸಿಟ್ರೊನೆಲ್ಲಾ ಎಣ್ಣೆಯ ಉಪಚಾರವನ್ನು ಬಲ್ಲವರು ಮಾಡುತ್ತಾರೆ. ಮೇಲೆ ಶಾಯಿಯಲ್ಲಿ ಬರೆದದ್ದಾದರೆ ಅದೇ ಉಪಚಾರ ಅಕ್ಷರವನ್ನು ಒರೆಸಿಹಾಕುತ್ತದೆ. ನೋಡಿ ತಿಳಿಯದಿದ್ದರೆ ಏನೂ ಹಚ್ಚದೆ ತೋರಿಸಿ, ಹಬ್ಬದ ನಂತರ ಮನೆಯವರಿಗೆ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಂಥ ಕಡೆ ವಿಚಾರಿಸಲು ಹೇಳಿ. ಅಂಟಿಕೊಂಡ ಗರಿಗಳನ್ನು ಬ್ಲೇಡಿನಿಂದ ಬಿಡಿಸುವುದು, ರಂಧ್ರಕ್ಕೆ ನೈಲಾನ್ ದಾರ ಹಾಕುವುದು ಬೇಡ. ನೈಲಾನ್ ದಾರ ರಂಧ್ರವನ್ನು ಗರಗಸದಂತೆ ಕೊಯ್ಯುತ್ತದೆ, ಹತ್ತಿಯ ದಾರ ಸಡಿಲವಾಗಿರಲಿ.

ಎರಡಕ್ಕೂ ಬೆಳಕು 50 ಲಕ್ಸ್ ದಾಟದಿರಲಿ. ಮೊಬೈಲ್ ಆ್ಯಪ್ ಅಂದಾಜು ಕೊಡುತ್ತದೆ. ಶಾಮಿಯಾನದಡಿಯ ಮಧ್ಯಾಹ್ನ ಇದರ ಎಷ್ಟೋ ಪಟ್ಟು ಬೆಳಕಿರುತ್ತದೆ, ಹಿಂಗಾರು ಮಳೆ ಬಂದರೆ ತೇವವೂ ಸೇರುತ್ತದೆ. ಇವನ್ನು ಕಟ್ಟಡದ ಒಳಕೋಣೆಯಲ್ಲಿಡಿ, ಮಳಿಗೆಯಲ್ಲಿ ಫೋಟೊ ಸಾಕು. ಹಸಿ ಬೇವಿನಸೊಪ್ಪು ಪೆಟ್ಟಿಗೆಗೆ ತೇವ ತರುತ್ತದೆ. ಬಜೆ ಬೇರಿನ ಪುಡಿಯ ಗಂಟನ್ನು ವಸ್ತುವಿಗೆ ತಾಗದಂತೆ ಮೂಲೆಯಲ್ಲಿಡಬಹುದು.

ಪ್ರಶ್ನೆ: 'ಹಳೆಯ ಫೋಟೊ ತನ್ನಿ' ಎಂದು ಕರಪತ್ರ ಹಂಚಿದ್ದೇವೆ. ಹೇಗೆ ನಡೆಸಬೇಕು?

ಒಂದು ಫೋಟೊಗೆ ಬರೆದುಕೊಳ್ಳುವುದು, ಸ್ಕ್ಯಾನ್ ಮಾಡುವುದು, ವಾಪಸು ಕೊಡುವುದು ಸೇರಿ ಹತ್ತು ನಿಮಿಷ ಹಿಡಿಯುತ್ತದೆ. ಒಂದು ಸ್ಕ್ಯಾನರ್ ಆರು ಗಂಟೆ ಕೆಲಸ ಮಾಡಿದರೆ 36 ಫೋಟೊ, ಅಷ್ಟೆ. ಹೀಗಾಗಿ ಮನೆಗೆ ಮೂರಕ್ಕೆ ಮಿತಿಯಿಡಿ, ಟೋಕನ್ ಕೊಡಿ. ಎರಡು ಪ್ರತಿಯ ರಸೀದಿ ಪುಸ್ತಕ ಮಾಡಿಸಿ: ತಂದವರ ಹೆಸರು, ಫೋಟೊದಲ್ಲಿ ಯಾರು, ಎಲ್ಲಿ, ಯಾವಾಗ, ಬಳಗ ಅದನ್ನು ಪ್ರಕಟಿಸಬಹುದೇ ಎಂಬುದಕ್ಕೆ ಸಹಿ. ಈ ಸಹಿಯನ್ನು ಸಂಕೋಚಕ್ಕೆ ಬಿಟ್ಟರೆ ಮುಂದೆ ಸ್ಮರಣ ಸಂಚಿಕೆ ತರುವಾಗ ಮನಸ್ತಾಪವಾಗುತ್ತದೆ.

600 ಡಿಪಿಐನಲ್ಲಿ ಟಿಫ್ ಆಗಿ ಉಳಿಸಿ. ನಾಲ್ಕು-ಆರಿಂಚಿನ ಫೋಟೊ ಹೀಗೆ ಸ್ಕ್ಯಾನಾದರೆ ಎಂಟು-ಹನ್ನೆರಡು ಇಂಚಿಗೆ ಚೊಕ್ಕವಾಗಿ ಮುದ್ರಣವಾಗುತ್ತದೆ, ದೂರದಿಂದ ನೋಡುವ ಫಲಕಕ್ಕಾದರೆ ಅದರ ಎರಡು ಪಟ್ಟಿಗೂ ಸಾಲುತ್ತದೆ. ವಾಟ್ಸ್ಆ್ಯಪಿನಲ್ಲಿ ಕಳಿಸಿದ ಪ್ರತಿಯನ್ನು ನಂಬಬೇಡಿ, ಕಿರಿದಾಗಿ ಬಂದಿರುತ್ತದೆ. ಹಿಂಬದಿಯ ಬರಹವನ್ನೂ ಸ್ಕ್ಯಾನ್ ಮಾಡಿ. ಸಂಖ್ಯೆಯನ್ನು 2ಬಿ ಪೆನ್ಸಿಲಿನಲ್ಲಿ ಹಿಂಬದಿಯ ಅಂಚಿನಲ್ಲಿ ಬರೆಯಬೇಕು, ಬಾಲ್‌ಪೆನ್ ಒತ್ತಿದ ಗೆರೆ ಮುಂದೆ ಮೂಡುತ್ತದೆ. ಚೌಕಟ್ಟಿನ ಗಾಜಿಗೆ ಅಂಟಿದ ಫೋಟೊ ಎಳೆದರೆ ಮುಖವೇ ಗಾಜಿನ ಮೇಲೆ ಉಳಿಯುತ್ತದೆ, ಗಾಜಿನ ಮೇಲಿನಿಂದಲೇ ಕ್ಯಾಮೆರಾದಲ್ಲಿ ತೆಗೆಯಿರಿ.

ಪ್ರಶ್ನೆ: ಕಳೆದ ವರ್ಷ ಫಲಕಗಳೆಲ್ಲ ಒತ್ತಕ್ಷರ ಕೆಟ್ಟು ಬಂದವು.

'ನುಡಿ' ತಂತ್ರಾಂಶದ ಹಳೆಯ ಅಕ್ಷರವಿನ್ಯಾಸದಲ್ಲಿ ಟೈಪಿಸಿ, ಮುದ್ರಣದ ಅಂಗಡಿಯಲ್ಲಿ ಯೂನಿಕೋಡ್ ಫಾಂಟಿನಲ್ಲಿ ತೆರೆದಿರಬೇಕು, ಅಥವಾ ಅದರ ತಿರುವುಮುರುವು. ಟೈಪಿಸಿದ ಫೈಲನ್ನೇ ಕೊಡಬೇಡಿ, ಅಕ್ಷರಗಳನ್ನು ರೇಖಾಚಿತ್ರವಾಗಿ ಪರಿವರ್ತಿಸಿದ ಪಿಡಿಎಫ್ ಕೊಡಿ. ಶಾಸನಪಾಠದ ಱ ಮತ್ತು ೞ ಎಲ್ಲ ಫಾಂಟಿನಲ್ಲಿಲ್ಲ, ಅವುಗಳ ಜಾಗದಲ್ಲಿ ಚೌಕ ಬರುತ್ತದೆ. ಕರಡನ್ನು ಎ4 ಹಾಳೆಯಲ್ಲಿ ತೆಗೆಸಿ, ಅರ್ಕಾವೊತ್ತು ಇರುವ ಪದಗಳನ್ನೇ ಹುಡುಕಿ ಓದಿ. ಒಂದು ಫಲಕಕ್ಕೆ ಎಂಬತ್ತು ಪದ ಸಾಕು, ಅದಕ್ಕಿಂತ ಹೆಚ್ಚಿದ್ದರೆ ನಿಂತುಕೊಂಡು ಓದುವವರಿಲ್ಲ.

ಪ್ರಶ್ನೆ: ಹೊಲದಲ್ಲಿ ಸಿಕ್ಕ ನಾಣ್ಯಗಳನ್ನು ಹುಣಸೆಹಣ್ಣಿನಲ್ಲಿ ತೊಳೆದು ಇಡಬಹುದೇ?

ತೊಳೆಯಬೇಡಿ. ಹುಳಿ ಮೇಲ್ಪದರವನ್ನು ತಿಂದರೆ ಅದರ ಜೊತೆ ಅಕ್ಷರವೂ ಹೋಗುತ್ತದೆ. ಮಣ್ಣಿನಲ್ಲಿ ಸಿಕ್ಕಿದ್ದಾದರೆ ಮೊದಲು ತಹಶೀಲ್ದಾರರ ಮೂಲಕ ಜಿಲ್ಲಾಧಿಕಾರಿಗೆ ತಿಳಿಸಬೇಕು, ನಿಧಿ ಕಾಯ್ದೆ ಇರುವುದು ಇದಕ್ಕೇ. ಪ್ರದರ್ಶನದ ಮಾತು ಆಮೇಲೆ.

ಪ್ರಶ್ನೆ: ಊರು ಸುತ್ತುವ ನಡಿಗೆಗೆ ಇನ್ನೂರು ಮಕ್ಕಳು ಬರುತ್ತಾರೆ. ನಿಭಾಯಿಸುವುದು ಹೇಗೆ?

ಒಂದೇ ಗುಂಪಾಗಿ ಸಾಧ್ಯವಿಲ್ಲ. ಇಪ್ಪತ್ತೈದರಂತೆ ಎಂಟು ಗುಂಪು, ಗುಂಪಿಗೆ ಇಬ್ಬರು ದೊಡ್ಡವರು, ಒಬ್ಬರು ಮುಂದೆ, ಒಬ್ಬರು ಕೊನೆಯಲ್ಲಿ. ಒಂದೂವರೆ ಕಿಲೋಮೀಟರ್, ಆರು ನಿಲುಗಡೆ, ತೊಂಬತ್ತು ನಿಮಿಷ. ಹತ್ತು ಹತ್ತು ನಿಮಿಷ ಬಿಟ್ಟು ಹೊರಡಿಸಿದರೆ ಕೊನೆಯ ಗುಂಪು ಎಪ್ಪತ್ತು ನಿಮಿಷ ಕಾಯಬೇಕು. ಬದಲಿಗೆ ನಾಲ್ಕು ಗುಂಪು ಕೋಟೆಬಾಗಿಲಿನ ಕಡೆಯಿಂದ, ನಾಲ್ಕು ಕೆರೆಯ ಕಡೆಯಿಂದ ಹೊರಡಲಿ, ಆಗ ಕಾಯುವುದು ಅರ್ಧ ಗಂಟೆ. ದೇವಸ್ಥಾನದ ಮಹಾಮಂಗಳಾರತಿಯ ವೇಳೆ ಕೇಳಿಕೊಂಡು ಆ ಹೊತ್ತಿಗೆ ಯಾವ ಗುಂಪೂ ಅಲ್ಲಿಗೆ ಬೀಳದಂತೆ ನೋಡಿಕೊಳ್ಳಿ. ನವೆಂಬರ್ 1 ಆದರೆ ಧ್ವಜಾರೋಹಣ ಮುಗಿಯದೆ ಮಕ್ಕಳು ಸಿಗುವುದಿಲ್ಲ, ಒಂಬತ್ತೂವರೆಗೆ ಇಟ್ಟುಕೊಳ್ಳಿ. ಹಿಂದಿನ ವಾರ ಅದೇ ಹೊತ್ತಿಗೆ ನೀವೇ ಒಮ್ಮೆ ನಡೆದು ನೋಡಿ: ನೆರಳು ಎಲ್ಲಿದೆ, ಚರಂಡಿ ಎಲ್ಲಿ ತೆರೆದಿದೆ, ಸಂತೆಯ ಲಾರಿ ಎಲ್ಲಿ ನಿಲ್ಲುತ್ತದೆ. ಹಾಳುಬಾವಿಯ ಹತ್ತಿರ ನಿಲುಗಡೆ ಬೇಡ, ಅದರ ಕಥೆಯನ್ನು ಹಿಂದಿನ ತಿರುವಿನಲ್ಲೇ ಹೇಳಿ ಮುಗಿಸಿ.