ಮ್ಯಾರಥಾನ್‌ನಲ್ಲಿ ಮುಂದೆ ಓಡುವ ಪೇಸರ್‌ಗಳು ಅರ್ಧದಲ್ಲೇ ಯಾಕೆ ನಿಲ್ಲುತ್ತಾರೆ? ಅವರಿಗೆ ದುಡ್ಡು ಸಿಗುತ್ತದಾ?

ಸಿಗುತ್ತದೆ. ಓಟ ನಡೆಸುವವರೇ ಅವರನ್ನು ಗೊತ್ತು ಮಾಡಿರುತ್ತಾರೆ. ಹೇಳಿದ ವೇಗದಲ್ಲಿ, ಹೇಳಿದ ದೂರದವರೆಗೆ ಓಡಬೇಕು. ಸಾಮಾನ್ಯವಾಗಿ ಅದು 25ರಿಂದ 30 ಕಿ.ಮೀ. ಆಮೇಲೆ ಪಕ್ಕಕ್ಕೆ ಸರಿಯುತ್ತಾರೆ.

ಸುಮ್ನೆ ಮುಂದೆ ಓಡಿದರೆ ಆಯ್ತಲ್ಲ ಅನಿಸಬಹುದು. ಆದರೆ 2023ರಲ್ಲಿ ಕೆಲ್ವಿನ್ ಕಿಪ್ಟಮ್ ಶಿಕಾಗೊದಲ್ಲಿ 2:00:35ರ ದಾಖಲೆ ಮಾಡಿದ ವೇಗ ನೋಡಿ: ಕಿಲೋಮೀಟರಿಗೆ ಸುಮಾರು 2 ನಿಮಿಷ 52 ಸೆಕೆಂಡ್. ಇಂಥ ವೇಗವನ್ನು ಒಂದೇ ಸಮನೆ ಕಾಯಬೇಕು. ಮೊದಲೇ ಜೋರಾಗಿ ಓಡಿದರೆ ಹಿಂದಿರುವವರ ಶಕ್ತಿ ಬೇಗ ಮುಗಿಯುತ್ತದೆ, ನಿಧಾನವಾದರೆ ದಾಖಲೆ ಕೈತಪ್ಪುತ್ತದೆ. ಜೊತೆಗೆ ಎದುರುಗಾಳಿಯನ್ನೂ ಪೇಸರ್ ತಡೆಯುತ್ತಾನೆ. ಹಿಂದಿರುವವನಿಗೆ ಲೆಕ್ಕ ಹಾಕುವ ತಲೆನೋವೂ ಇಲ್ಲ. ನನ್ನ ಪ್ರಕಾರ ಅದೇ ದೊಡ್ಡ ಲಾಭ.

ಪೇಸರ್ ಗೆಲ್ಲಬಾರದು ಅಂತೇನಿಲ್ಲ. ಬೇರೆಯವರ ಜೊತೆಗೇ ಓಟ ಶುರು ಮಾಡಿರುವುದರಿಂದ ಅವನೂ ಸ್ಪರ್ಧಿಯೇ. 1994ರ ಲಾಸ್ ಏಂಜಲೀಸ್ ಮ್ಯಾರಥಾನ್‌ನಲ್ಲಿ ಪೇಸರ್ ಆಗಿ ಬಂದ ಪಾಲ್ ಪಿಲ್ಕಿಂಗ್ಟನ್ ನಿಲ್ಲದೆ ಓಡಿ ಗೆದ್ದೇಬಿಟ್ಟರು! ಹಿಂದಿದ್ದವರು ಅವರು ನಿಲ್ಲುತ್ತಾರೆ ಅಂದುಕೊಂಡಿದ್ದರು.

ಮಧ್ಯದಲ್ಲಿ ಹೊಸ ಪೇಸರ್‌ಗಳು ಸೇರಿಕೊಂಡರೆ ಮಾತ್ರ ದಾಖಲೆ ಮಾನ್ಯವಾಗುವುದಿಲ್ಲ. 2019ರಲ್ಲಿ ಎಲಿಯುಡ್ ಕಿಪ್ಚೋಗೆ ವಿಯೆನ್ನಾದಲ್ಲಿ 1:59:40ಕ್ಕೆ ಮುಗಿಸಿದರೂ ಅದು ವಿಶ್ವದಾಖಲೆ ಆಗದಿರಲು ಇದೂ ಒಂದು ಕಾರಣ. ಅಂದಹಾಗೆ, ಒಲಿಂಪಿಕ್ಸ್‌ನಲ್ಲಿ ಪೇಸರ್‌ಗಳೇ ಇರುವುದಿಲ್ಲ. ಅದಕ್ಕೇ ಅಲ್ಲಿ ಶುರುವಿನಲ್ಲಿ ಯಾರೂ ಮುಂದೆ ಹೋಗಲು ಒಪ್ಪದೆ, ಓಟ ಎಷ್ಟೋ ಸಲ ನಿಧಾನವಾಗಿ ಸಾಗುತ್ತದೆ.