ಅವರು ‘ನೋಡೋಣ’ ಅಂದರು, ನನಗೆ ರಾತ್ರಿಯೆಲ್ಲ ನಿದ್ದೆಯಿಲ್ಲ

ಪ್ರಶ್ನೆ: ನನಗೆ 36 ವರ್ಷ. ಆಫೀಸಿನಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಕಳೆದ ವಾರ ಮೀಟಿಂಗ್‌ನಲ್ಲಿ ಬಿಲ್‌ಗಳನ್ನು ಬೇರೆ ರೀತಿ ಜೋಡಿಸಬಹುದು ಅಂತ ಒಂದು ಸಲಹೆ ಕೊಟ್ಟೆ. ಮೇಲಧಿಕಾರಿ ‘ನೋಡೋಣ’ ಅಂದು ಮುಂದಿನ ವಿಷಯಕ್ಕೆ ಹೋದರು. ಅಷ್ಟೇ ಆಗಿದ್ದು. ಆ ರಾತ್ರಿ ಎರಡು ಗಂಟೆಯವರೆಗೂ ನನ್ನ ತಲೆಯಲ್ಲಿ ಅದೇ. ಯಾಕೆ ಹಾಗಂದರು? ನಾನು ಬಾಯಿ ಬಿಡಬಾರದಿತ್ತಾ? ಎಲ್ಲರೂ ನನ್ನನ್ನೇ ನೋಡಿದರಾ? ದಿನಾ ಅಕ್ಕನಿಗೆ ಫೋನ್ ಮಾಡಿ ಇದನ್ನೇ ಹೇಳುತ್ತೇನೆ. ಒಂದು ವಾಷಿಂಗ್ ಮಷೀನ್ ಆರಿಸಲು ತಿಂಗಳುಗಟ್ಟಲೆ ಒದ್ದಾಡುತ್ತಿದ್ದೇನೆ. ‘ಜಾಸ್ತಿ ಯೋಚನೆ ಮಾಡ್ಬೇಡ’ ಅಂತ ಮನೆಯವರು ಹೇಳುತ್ತಾರೆ. ಹೇಗೆ ಬಿಡಲಿ? ಹತ್ತು ವರ್ಷದ ಮಗಳೂ ನನ್ನ ಹಾಗೇ ಆಗುತ್ತಾಳಾ ಅನ್ನುವ ಭಯ ಬೇರೆ.
– ಹೆಸರು ಬೇಡ

ಉತ್ತರ: ಮನೆಯವರು ಪ್ರೀತಿಯಿಂದಲೇ ಹೇಳುತ್ತಾರೆ, ಗೊತ್ತು. ಆದರೆ ‘ಯೋಚನೆ ಮಾಡ್ಬೇಡ’ ಅನ್ನುವ ಮಾತು ಕೆಲಸ ಮಾಡುವುದಿಲ್ಲ. ಅದು ಕೆಲಸ ಮಾಡದಿರುವುದಕ್ಕೆ ನೀವು ಕಾರಣರೂ ಅಲ್ಲ. 1987ರಲ್ಲಿ ಡೇನಿಯಲ್ ವೆಗ್ನರ್ ಎಂಬ ಮನೋವಿಜ್ಞಾನಿ ಮತ್ತು ಅವರ ಜೊತೆಗಾರರು ಒಂದು ಪ್ರಯೋಗ ಮಾಡಿದರು. ಐದು ನಿಮಿಷ ಬಿಳಿ ಕರಡಿಯನ್ನು ನೆನೆಯಬೇಡಿ, ನೆನಪಾದರೆ ಗಂಟೆ ಬಾರಿಸಿ ಎಂದು ಕೆಲವರಿಗೆ ಹೇಳಿದರು. ಗಂಟೆ ಮತ್ತೆ ಮತ್ತೆ ಬಾರಿಸುತ್ತಲೇ ಇತ್ತು. ಆಮೇಲೆ ‘ಈಗ ನೆನೆಯಬಹುದು’ ಎಂದಾಗ, ಮೊದಲಿನಿಂದಲೂ ನೆನೆಯಲು ಬಿಟ್ಟಿದ್ದವರಿಗಿಂತ ಇವರಿಗೇ ಆ ಕರಡಿ ಜಾಸ್ತಿ ಕಾಡಿತು. ಹಾಗಾಗಿ ಯೋಚನೆಯನ್ನು ಒದ್ದು ಹೊರಹಾಕುವ ಪ್ರಯತ್ನವನ್ನು ಇವತ್ತಿಗೇ ಕೈಬಿಡಿ.

ಅದರ ಬದಲು ಯೋಚನೆಗೆ ಒಂದು ಹೊತ್ತು ಗೊತ್ತುಮಾಡಿ. ಥಾಮಸ್ ಬಾರ್ಕೊವೆಕ್ ಎಂಬ ಮನೋವಿಜ್ಞಾನಿ ಮತ್ತು ಅವರ ತಂಡ 1983ರಲ್ಲೇ ಈ ವಿಧಾನವನ್ನು ಪರೀಕ್ಷಿಸಿದ್ದರು. ನನ್ನ ಬಳಿ ಬರುವವರಿಗೆ ನಾನು ಮೊದಲು ಹೇಳುವುದೂ ಇದನ್ನೇ. ದಿನಾ ಸಂಜೆ ಒಂದೇ ಸಮಯ, ಒಂದೇ ಜಾಗ, ಅರ್ಧ ಗಂಟೆ. ಆರೂವರೆ ಅಂತ ಇಟ್ಟುಕೊಳ್ಳಿ. ಹಾಸಿಗೆಯ ಮೇಲೆ ಮಾತ್ರ ಬೇಡ, ಕುರ್ಚಿಯಲ್ಲಿ ಕೂತುಕೊಳ್ಳಿ. ಮಧ್ಯಾಹ್ನ ಊಟ ಮಾಡುವಾಗ ಆ ‘ನೋಡೋಣ’ ನೆನಪಾಯಿತಾ? ಒಂದು ಚೀಟಿಯಲ್ಲಿ ಎರಡು ಪದ ಬರೆದು, ‘ಇದು ಆರೂವರೆಗೆ’ ಎಂದುಕೊಂಡು ಊಟ ಮುಂದುವರಿಸಿ. ಆರೂವರೆಗೆ ಚೀಟಿ ತೆಗೆದು, ಬೇಕಾದಷ್ಟು ಚಿಂತೆ ಮಾಡಿ, ಪೆನ್ನು ಹಿಡಿದೇ ಮಾಡಿ. ಏಳಕ್ಕೆ ಎದ್ದುಬಿಡಿ. ಮೊದಮೊದಲು ಅದೇ ಯೋಚನೆ ಗಳಿಗೆಗೊಮ್ಮೆ ಬಂದು ಕಾಡುತ್ತದೆ. ಬೇಜಾರಾಗಬೇಡಿ, ಅಷ್ಟೇ ಸಮಾಧಾನದಿಂದ ಪ್ರತಿ ಸಲವೂ ಮುಂದಕ್ಕೆ ಹಾಕಿ. ಬೆಳಿಗ್ಗೆ ಬೆಟ್ಟದಂತೆ ಕಂಡದ್ದರಲ್ಲಿ ಸಂಜೆಗೆ ಬರೆಯಲು ಎರಡು ಸಾಲೂ ಸಿಗದಿರುವುದನ್ನು ನಾನು ಎಷ್ಟೋ ಜನರಲ್ಲಿ ಕಂಡಿದ್ದೇನೆ.

ಆ ಅರ್ಧ ಗಂಟೆಯಲ್ಲಿ ಏನು ಬರೆಯುತ್ತೀರಿ ಅನ್ನುವುದೇ ಮುಖ್ಯ. ನಿಮ್ಮ ಪತ್ರವನ್ನು ಮತ್ತೆ ಓದಿದೆ. ‘ಯಾಕೆ ಹಾಗಂದರು?’ ಇದಕ್ಕೆ ಉತ್ತರ ನಿಮ್ಮ ತಲೆಯಲ್ಲಿ ಇಲ್ಲ, ಅವರ ತಲೆಯಲ್ಲಿದೆ. ಬೆಳಗಿನವರೆಗೆ ಹುಡುಕಿದರೂ ಸಿಗುವುದಿಲ್ಲ, ಅಲ್ವಾ? ಅವರಿಗೆ ಸಮಯ ಇರಲಿಲ್ಲವೇನೋ. ನಿಜವಾಗಿಯೂ ನೋಡೋಣ ಅಂತಲೇ ಅಂದರೇನೋ. ಆ ‘ಯಾಕೆ’ಯನ್ನು ತೆಗೆದು, ‘ನಾಳೆ ನಾನೇನು ಮಾಡಬಹುದು?’ ಎಂದು ಬರೆಯಿರಿ. ಆಗ ಕೈಗೆ ಒಂದು ಕೆಲಸ ಸಿಗುತ್ತದೆ. ‘ಸರ್, ಬಿಲ್‌ಗಳ ಬಗ್ಗೆ ಹೇಳಿದ್ದೆನಲ್ಲ, ಒಂದು ಪುಟದಲ್ಲಿ ಬರೆದು ಕೊಡಲಾ?’ ಇಷ್ಟು ಕೇಳಿದರೆ ಸಾಕು. ಬೇಡ ಅಂದರೂ ನಿಮಗೆ ಉತ್ತರ ಸಿಕ್ಕಿತು. ಮಾಡಲು ಏನೂ ಇಲ್ಲದ ವಿಷಯವಾದರೆ ‘ಇದರಲ್ಲಿ ನನ್ನ ಕೈಯಲ್ಲಿ ಏನೂ ಇಲ್ಲ’ ಎಂದು ಬರೆದು ಪುಟ ತಿರುಗಿಸಿ.

ಎಲ್ಲರೂ ನಿಮ್ಮನ್ನೇ ನೋಡಿದರು ಅನ್ನುವುದರ ಬಗ್ಗೆಯೂ ಹೇಳಬೇಕು. ಥಾಮಸ್ ಗಿಲೊವಿಚ್ ಎಂಬ ಮನೋವಿಜ್ಞಾನಿ ಮತ್ತು ಜೊತೆಗಾರರು 2000ದಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಹಾಕಿಕೊಳ್ಳಲು ಮುಜುಗರವಾಗುವಂಥ ಟಿ-ಶರ್ಟ್ ಕೊಟ್ಟು ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ಒಂದು ಕೋಣೆಗೆ ಕಳಿಸಿದರು. ಸುಮಾರು ಅರ್ಧದಷ್ಟು ಜನ ಗಮನಿಸಿರುತ್ತಾರೆ ಎಂದು ಹಾಕಿಕೊಂಡವರು ಅಂದಾಜು ಮಾಡಿದರು. ನಿಜಕ್ಕೂ ಗಮನಿಸಿದ್ದವರು ಸುಮಾರು ಕಾಲು ಭಾಗ ಮಾತ್ರ. ನಿಮ್ಮ ಮೀಟಿಂಗ್‌ನಲ್ಲಿ ಇದ್ದವರೂ ತಾವು ಆಡಿದ ಮಾತನ್ನೇ ಮೆಲುಕು ಹಾಕುತ್ತಾ ಮನೆಗೆ ಹೋಗಿರಬಹುದು.

ಅಕ್ಕನ ವಿಷಯ ನಿಮಗೆ ಸ್ವಲ್ಪ ಕಷ್ಟವಾಗಬಹುದು, ಆದರೂ ಹೇಳುತ್ತೇನೆ. ಮನಸ್ಸು ಹಂಚಿಕೊಳ್ಳುವುದು ಒಳ್ಳೆಯದೇ. ಅದೇ ಸಂಗತಿಯನ್ನು ದಿನಾ ಇಬ್ಬರೂ ಸೇರಿ ಅಗೆಯುವುದು ಬೇರೆ. ಅಮಾಂಡಾ ರೋಸ್ ಎಂಬ ಸಂಶೋಧಕಿ ಶಾಲಾ ಮಕ್ಕಳ ಸ್ನೇಹವನ್ನು ಅಭ್ಯಾಸ ಮಾಡಿ 2002ರಲ್ಲಿ ಬರೆದದ್ದು ಇದನ್ನೇ: ಸಮಸ್ಯೆಗಳನ್ನೇ ಮತ್ತೆ ಮತ್ತೆ ಮಾತಾಡುವವರಲ್ಲಿ ಆಪ್ತತೆಯೂ ಹೆಚ್ಚು, ಆತಂಕ ಮತ್ತು ಬೇಸರವೂ ಹೆಚ್ಚು. ಅಕ್ಕನಿಗೆ ಫೋನ್ ಮಾಡುವುದನ್ನು ಬಿಡಬೇಡಿ. ‘ಒಂದು ಸಲ ಪೂರ್ತಿ ಕೇಳು, ಆಮೇಲೆ ಈಗೇನು ಮಾಡ್ತೀಯ ಅಂತ ಕೇಳಿ ನನ್ನನ್ನು ತಡಿ’ ಎಂದು ಅವರಿಗೇ ಹೇಳಿಡಿ.

ವಾಷಿಂಗ್ ಮಷೀನ್ ಸುಲಭ. ನಿಮಗೆ ಬೇಕೇಬೇಕಾದ ಮೂರು ಗುಣಗಳನ್ನೂ ನಿಮ್ಮ ಬಜೆಟ್ಟನ್ನೂ ಮೊದಲೇ ಬರೆದಿಡಿ. ಅದಕ್ಕೆ ಹೊಂದುವ ಮೊದಲ ಮಷೀನನ್ನೇ ತನ್ನಿ. ತಂದ ಮೇಲೆ ಬೇರೆಯವುಗಳ ವಿಮರ್ಶೆ ಓದಲೇಬೇಡಿ.

ರಾತ್ರಿ ಇಪ್ಪತ್ತು ನಿಮಿಷವಾದರೂ ನಿದ್ದೆ ಹತ್ತದಿದ್ದರೆ ಹಾಸಿಗೆ ಬಿಟ್ಟೇಳಿ. ಮಂದ ಬೆಳಕಿನಲ್ಲಿ ಸುಮ್ನೆ ಬಟ್ಟೆ ಮಡಚಿ, ಕಣ್ಣೆಳೆದಾಗ ಮಲಗಿ. ಫೋನ್ ಮುಟ್ಟಬೇಡಿ. ಇಷ್ಟೆಲ್ಲ ಮಾಡಿಯೂ ತಿಂಗಳುಗಟ್ಟಲೆ ಹೆಚ್ಚಿನ ದಿನಗಳಲ್ಲಿ ನಿದ್ದೆ, ಊಟ, ಕೆಲಸ ಕೆಡುತ್ತಿದ್ದರೆ ಮನೋವೈದ್ಯರನ್ನು ಕಾಣಿ. ಅದಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ಬದುಕೇ ಬೇಡ ಅನ್ನಿಸಿದರೆ ಮಾತ್ರ ಒಂದು ದಿನವೂ ಕಾಯಬೇಡಿ. ಆ ಕ್ಷಣವೇ ಹತ್ತಿರದವರಿಗೆ ಹೇಳಿ, ಅವತ್ತೇ ವೈದ್ಯರ ಬಳಿ ಹೋಗಿ.

ಇನ್ನು ಮಗಳು. ಸ್ವಭಾವದಲ್ಲಿ ಸ್ವಲ್ಪ ಪಾಲು ಹುಟ್ಟಿನಿಂದ ಬರಬಹುದು. ಆದರೆ ಮಕ್ಕಳು ನಮ್ಮನ್ನು ನೋಡಿಯೂ ಬಹಳಷ್ಟು ಕಲಿಯುತ್ತಾರೆ, ಅದು ನಿಮ್ಮ ಕೈಯಲ್ಲಿದೆ. ‘ಇದು ನನಗೆ ಗೊತ್ತಿಲ್ಲ, ನಾಳೆ ಕೇಳ್ತೀನಿ’ ಎಂದು ಅವಳ ಎದುರೇ ಹೇಳಿ, ಬೇರೆ ಕೆಲಸ ಶುರು ಮಾಡಿ. ‘ಅವಳು ನನ್ನ ಜೊತೆ ಮಾತಾಡ್ಲಿಲ್ಲ ಅಮ್ಮ’ ಎಂದು ಗೆಳತಿಯ ಬಗ್ಗೆ ಮುಖ ಸಪ್ಪೆ ಮಾಡಿಕೊಂಡು ಬಂದರೆ ಪೂರ್ತಿ ಕೇಳಿಸಿಕೊಳ್ಳಿ. ‘ಏನೂ ಆಗಲ್ಲ ಬಿಡು’ ಎಂದು ತಳ್ಳಿಹಾಕಬೇಡಿ. ‘ನಾಳೆ ನೀನೇ ಹೋಗಿ ಏನಂತ ಮಾತಾಡಿಸ್ತೀಯ?’ ಎಂದು ಕೇಳಿ, ಉತ್ತರ ಅವಳಿಂದಲೇ ಬರುವವರೆಗೆ ಪಕ್ಕದಲ್ಲಿ ಕೂತಿರಿ.